ಜಿಂಕೆಯ ಮರಿ ಹುಟ್ಟುವ ಕಾಲವನ್ನು ನಿರ್ಧರಿಸುವುದು ಯಾವುದು?

ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆ ನವೆಂಬರ್ ತಿಂಗಳಿನಲ್ಲಿ ಬೆದೆಗೆ ಬರುತ್ತದೆ. ಸ್ಕಾಟ್ಲೆಂಡಿನ ಕೆಂಪು ಜಿಂಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೂಡುತ್ತದೆ. ಜರ್ಮನಿ, ಫ್ರಾನ್ಸ್‌ಗಳ ಕಾಡಂಚಿನಲ್ಲಿ ಬದುಕುವ, ಹೆಚ್ಚುಕಡಿಮೆ ಆಡಿನ ಗಾತ್ರದ ರೋ ಜಿಂಕೆಯ ಬೆದೆಗಾಲವಂತೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಡುಬೇಸಿಗೆ. ಗಬ್ಬದ ಅವಧಿಯೂ ಮೂರರದ್ದು ಬೇರೆ ಬೇರೆ: ಬಿಳಿಬಾಲದ ಜಿಂಕೆಗೆ ಸುಮಾರು 200 ದಿನ, ಕೆಂಪು ಜಿಂಕೆಗೆ 33–34 ವಾರ, ರೋ ಜಿಂಕೆಗೆ ಹತ್ತಿರ ಹತ್ತಿರ ಹತ್ತು ತಿಂಗಳು. ಹೀಗೆ ಮೂರು ಬೇರೆ ದಿನಗಳಲ್ಲಿ ಹೊರಟು, ಮೂರು ಬೇರೆ ದೂರ ಕ್ರಮಿಸಿದ ಮೇಲೂ ಈ ಪ್ರಾಣಿಗಳೆಲ್ಲ ಬಂದು ಸೇರುವುದು ಮೇ ನಡುವಿನಿಂದ ಜೂನ್ ಅಂತ್ಯದವರೆಗಿನ ಕೆಲವೇ ವಾರಗಳಿಗೆ. ಒಂದು ಪ್ರದೇಶದ ಬಹುಪಾಲು ಮರಿಗಳು ಮೂರು ನಾಲ್ಕು ವಾರಗಳ ಒಳಗೇ ಹುಟ್ಟಿಬಿಡುತ್ತವೆ.

ಈ ಹೊಂದಾಣಿಕೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಲೆಕ್ಕವನ್ನು ಹಿಂದಿನಿಂದ ಹಾಕಬೇಕಾಗುತ್ತದೆ. ಜಿಂಕೆ ಯಾವಾಗ ಕೂಡುತ್ತದೆ ಎಂಬುದರ ಮೇಲೆ ಮರಿ ಹುಟ್ಟುವ ದಿನ ನಿಂತಿರುವಂತೆ ಮೇಲ್ನೋಟಕ್ಕೆ ಕಾಣುತ್ತದೆ. ವಿಕಾಸದ ದೃಷ್ಟಿಯಿಂದ ನೋಡಿದರೆ ವಿಷಯ ತಿರುವುಮುರುವಾಗಿದೆ: ಮರಿ ಬದುಕಿ ಉಳಿಯುವ ಕಾಲ ಮೊದಲು ನಿಗದಿಯಾಗಿದ್ದು, ಆ ಕಾಲಕ್ಕೆ ಸರಿಯಾಗಿ ಹೆರಿಗೆ ಆಗುವಂತೆ ಕೂಡಿದ ಜಿಂಕೆಗಳ ಸಂತತಿ ಮಾತ್ರ ತಲೆಮಾರುಗಳ ಉದ್ದಕ್ಕೂ ಉಳಿದುಬಂದಿದೆ. ಬೇಗ ಹುಟ್ಟಿದವು ಚಳಿಗೆ ಸಿಕ್ಕವು, ತಡವಾಗಿ ಹುಟ್ಟಿದವು ಮುಂದಿನ ಚಳಿಗಾಲಕ್ಕೆ ಸಿಕ್ಕವು.

ಹಾಗಾದರೆ ಆ ಕೆಲವು ವಾರಗಳಲ್ಲಿ ಅಂಥದ್ದೇನಿದೆ? ಎಳೆಹುಲ್ಲು ಮತ್ತು ಚಿಗುರು ಇದೆ. ತಾಯಿ ಜಿಂಕೆಯ ದೇಹಕ್ಕೆ ಅತ್ಯಂತ ದುಬಾರಿಯಾದ ಕಾಲ ಗರ್ಭ ಹೊತ್ತ ಕಾಲವಲ್ಲ, ಹಾಲೂಡಿಸುವ ಕಾಲ. ಹೊಟ್ಟೆಯಲ್ಲಿರುವ ಮರಿ ಕೊನೆಯ ಎರಡು ತಿಂಗಳವರೆಗೂ ತಾಯಿಯಿಂದ ಹೆಚ್ಚಿನದನ್ನು ಕೇಳುವುದಿಲ್ಲ. ಹುಟ್ಟಿದ ಮೇಲೆ ಬೇಡಿಕೆ ಥಟ್ಟನೆ ಏರುತ್ತದೆ, ಮೊದಲ ಕೆಲವು ವಾರಗಳಲ್ಲಿ ತಾಯಿಗೆ ಮಾಮೂಲಿಗಿಂತ ದುಪ್ಪಟ್ಟು ಅಥವಾ ಅದಕ್ಕೂ ಹೆಚ್ಚಿನ ಶಕ್ತಿ ಬೇಕಾಗುತ್ತದೆ. ಜಿಂಕೆಯ ಹಾಲು ಹಸುವಿನ ಹಾಲಿನಂತೆ ತೆಳುವಾದದ್ದಲ್ಲ. ಬಿಳಿಬಾಲದ ಜಿಂಕೆಯ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ಹಸುವಿನ ಹಾಲಿನಲ್ಲಿರುವುದರ ಸುಮಾರು ಎರಡು ಪಟ್ಟು ಇರುತ್ತವೆ, ಮತ್ತು ಅದನ್ನು ಕುಡಿದ ಮರಿ ಎರಡು ವಾರಗಳಲ್ಲಿ ಹುಟ್ಟುತೂಕದ ಇಮ್ಮಡಿಯಾಗುತ್ತದೆ. ಇಷ್ಟು ಹಾಲನ್ನು ಉತ್ಪಾದಿಸಲು ಪ್ರೋಟೀನ್ ತುಂಬಿದ, ಸುಲಭವಾಗಿ ಅರಗುವ ಮೇವು ಬೇಕು. ಹುಲ್ಲು ಮತ್ತು ಎಲೆಗಳು ಹಾಗಿರುವುದು ಚಿಗುರಿದ ಮೊದಲ ಕೆಲವು ವಾರಗಳು ಮಾತ್ರ. ಬಲಿತಂತೆಲ್ಲ ಅವುಗಳಲ್ಲಿ ನಾರು ಹೆಚ್ಚಿ, ಸತ್ವ ಇಳಿದು, ಮೆಲುಕು ಹಾಕಿ ಅರಗಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಸಮಶೀತೋಷ್ಣ ವಲಯದಲ್ಲಿ ಮರಿಗಳು ಚಿಗುರಿನ ಮೊದಲ ದಿನಗಳಲ್ಲಿ ಹುಟ್ಟದೆ ವಸಂತದ ಕೊನೆ, ಬೇಸಿಗೆಯ ಆರಂಭದಲ್ಲಿ ಹುಟ್ಟುವುದಕ್ಕೂ ಇದೇ ಕಾರಣ. ಚಳಿಗಾಲದಲ್ಲಿ ಸೊರಗಿದ ತಾಯಿ ಗರ್ಭದ ಕೊನೆಯ ವಾರಗಳಲ್ಲಿ ಚೇತರಿಸಿಕೊಳ್ಳಬೇಕು, ಹಾಲಿನ ಬೇಡಿಕೆ ಏರುವ ಹೊತ್ತಿಗೆ ಮೇವೂ ತುಂಬಿರಬೇಕು.

ಇನ್ನೊಂದು ಕೊನೆಯಲ್ಲಿ ಚಳಿಗಾಲ ಕಾದಿರುತ್ತದೆ. ಜೂನ್ ಮೊದಲ ವಾರದಲ್ಲಿ ಹುಟ್ಟಿದ ಮರಿಗೆ ಮೈ ಬೆಳೆಸಿಕೊಳ್ಳಲು, ಒಂದಿಷ್ಟು ಕೊಬ್ಬು ಕೂಡಿಸಿಕೊಳ್ಳಲು ಐದು ತಿಂಗಳು ಸಿಗುತ್ತವೆ. ಆಗಸ್ಟ್‌ನಲ್ಲಿ ಹುಟ್ಟಿದ ಮರಿಗೆ ಸಿಗುವುದು ಅದರ ಅರ್ಧ. ಹೆಣ್ಣು ಬಿಳಿಬಾಲದ ಜಿಂಕೆ ಬೆದೆಯಲ್ಲಿರುವುದು ಒಂದು ದಿನದಷ್ಟು ಹೊತ್ತು. ಆಗ ಗರ್ಭ ಕಟ್ಟದಿದ್ದರೆ ಮೂರು ನಾಲ್ಕು ವಾರಗಳ ನಂತರ ಮತ್ತೆ ಬೆದೆಗೆ ಬರುತ್ತದೆ. ತಡವಾಗಿ ಹುಟ್ಟಿದ ಮರಿಗಳಲ್ಲಿ ಅನೇಕವು ಹೀಗೆ ಎರಡನೆಯ ಸರದಿಯವು, ಇಲ್ಲವೇ ಮೊದಲ ಬಾರಿ ತಾಯಾಗುವ ಎಳೆಯ ಹೆಣ್ಣುಗಳವು.

ಒಟ್ಟಿಗೆ ಹುಟ್ಟುವುದರಲ್ಲಿಯೇ ಒಂದು ರಕ್ಷಣೆ ಕೂಡ ಇದೆ. ಅಮೆರಿಕದಲ್ಲಿ ಕಯೋಟಿ, ಕಪ್ಪು ಕರಡಿ, ಬಾಬ್‌ಕ್ಯಾಟ್, ಯುರೋಪಿನಲ್ಲಿ ಕೆಂಪು ನರಿ ಮತ್ತು ಲಿಂಕ್ಸ್ ಎಳೆಮರಿಗಳನ್ನು ಹುಡುಕುತ್ತ ಅಲೆಯುತ್ತವೆ. ಕೆಲವೇ ದಿನಗಳಲ್ಲಿ ನೂರಾರು ಮರಿಗಳು ಹುಟ್ಟಿದರೆ ಅವು ಎಷ್ಟು ತಿಂದರೂ ಉಳಿದವುಗಳ ಸಂಖ್ಯೆ ದೊಡ್ಡದು. ಅದೇ ಮರಿಗಳು ವರ್ಷವಿಡೀ ಚದುರಿ ಹುಟ್ಟಿದ್ದರೆ ಒಂದೊಂದನ್ನೇ ಹುಡುಕಿ ತಿನ್ನಲು ಬೇಟೆಗಾರ ಪ್ರಾಣಿಗಳಿಗೆ ಬಿಡುವು ಸಿಗುತ್ತಿತ್ತು.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಮೇ ತಿಂಗಳಿನಲ್ಲಿ ಹುಲ್ಲು ಚಿಗುರುತ್ತದೆ ಎಂಬುದು ಅಕ್ಟೋಬರ್ ತಿಂಗಳಿನ ಜಿಂಕೆಗೆ ತಿಳಿಯುವುದು ಹೇಗೆ? ಆಗ ಎಲೆಗಳು ಉದುರುತ್ತಿರುತ್ತವೆ, ಚಳಿ ಏರುತ್ತಿರುತ್ತದೆ. ಮುಂದಿನ ವಸಂತದ ಬಗ್ಗೆ ಸುತ್ತಲಿನ ಯಾವ ಗಿಡವೂ ಸುಳಿವು ಕೊಡುವುದಿಲ್ಲ. ಹವಾಮಾನವನ್ನು ನಂಬುವಂತಿಲ್ಲ, ಏಕೆಂದರೆ ಅಕ್ಟೋಬರ್ ಒಂದು ವರ್ಷ ಬೆಚ್ಚಗಿದ್ದರೆ ಇನ್ನೊಂದು ವರ್ಷ ಕೊರೆಯುತ್ತದೆ. ವರ್ಷದಿಂದ ವರ್ಷಕ್ಕೆ ಒಂದಿಷ್ಟೂ ಬದಲಾಗದೆ ನಡೆಯುವುದು ಒಂದೇ: ಹಗಲು ಇರುಳುಗಳ ಅಳತೆ. ಜಿಂಕೆಯ ದೇಹ ಓದುವುದು ಅದನ್ನೇ.

ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ನರಗಳ ಮೂಲಕ ಮಿದುಳಿನ ಆಳದಲ್ಲಿರುವ ಪೀನಿಯಲ್ ಗ್ರಂಥಿಯನ್ನು ತಲುಪುತ್ತದೆ. ಈ ಗ್ರಂಥಿ ಕತ್ತಲೆಯಲ್ಲಿ ಮಾತ್ರ ಮೆಲಟೋನಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ, ಬೆಳಕಿನಲ್ಲಿ ನಿಲ್ಲಿಸುತ್ತದೆ. ಬೇಸಿಗೆಯ ಕಿರಿದಾದ ಇರುಳಿನಲ್ಲಿ ರಕ್ತದಲ್ಲಿ ಮೆಲಟೋನಿನ್ ಇರುವುದು ಕೆಲವೇ ಗಂಟೆ, ಶರತ್ಕಾಲದಲ್ಲಿ ಇರುಳು ಬೆಳೆದಂತೆ ಆ ಅವಧಿಯೂ ಬೆಳೆಯುತ್ತದೆ. ಹೀಗೆ ರಾತ್ರಿಯ ಉದ್ದವು ಹಾರ್ಮೋನಿನ ಉದ್ದವಾಗಿ ಬದಲಾಗುತ್ತದೆ. ಅದನ್ನು ಅಳೆಯುವ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಮತ್ತು ಹೈಪೊಥಲಾಮಸ್‌ಗಳು ಒಂದು ಹಂತ ದಾಟಿದೊಡನೆ ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಎಬ್ಬಿಸುತ್ತವೆ. ಹೆಣ್ಣಿನ ಅಂಡಾಶಯ ಕೆಲಸಕ್ಕೆ ತೊಡಗುತ್ತದೆ. ಗಂಡು ಅದಕ್ಕೂ ಮೊದಲೇ ಕೊಂಬಿನ ಮೇಲಿನ ಮಖಮಲಿನಂಥ ಚರ್ಮವನ್ನು ಮರಕ್ಕೆ ಉಜ್ಜಿ ಕಳಚಿಕೊಂಡು, ಕುತ್ತಿಗೆ ದಪ್ಪವಾಗಿ, ಕೂಗಿ ಕಾದಾಡಲು ಸಿದ್ಧವಾಗಿರುತ್ತದೆ. ನ್ಯೂಜಿಲೆಂಡಿನ ಸಾಕುಜಿಂಕೆಗಳಿಗೆ ಬೇಸಿಗೆಯಲ್ಲಿಯೇ ಚರ್ಮದಡಿ ಮೆಲಟೋನಿನ್ ಗುಳಿಗೆ ಇಟ್ಟಾಗ ಅವು ಕೆಲವು ವಾರ ಮೊದಲೇ ಬೆದೆಗೆ ಬಂದವು. ಇರುಳು ಬೆಳೆಯಿತೆಂದು ಅವುಗಳ ದೇಹ ತಿಳಿಯಲು ಆ ಹಾರ್ಮೋನೇ ಸಾಕಾಯಿತು.

ನ್ಯೂಜಿಲೆಂಡಿನ ಉದಾಹರಣೆ ಇನ್ನೂ ದೊಡ್ಡ ಪುರಾವೆಯೊಂದನ್ನು ಕೊಡುತ್ತದೆ. 19ನೇ ಶತಮಾನದ ನಡುಭಾಗದಿಂದ ಬ್ರಿಟನ್ನಿನ ಕೆಂಪು ಜಿಂಕೆಗಳನ್ನು ಹಡಗಿನಲ್ಲಿ ಸಾಗಿಸಿ ಅಲ್ಲಿಯ ಬೆಟ್ಟಗಳಲ್ಲಿ ಬಿಟ್ಟರು. ಅದು ಭೂಮಿಯ ದಕ್ಷಿಣಾರ್ಧ, ಋತುಗಳು ಆರು ತಿಂಗಳು ಆಚೀಚೆ. ಅಲ್ಲಿ ನೆಲೆಯೂರಿದ ಕೆಂಪು ಜಿಂಕೆಗಳು ಈಗ ಕೂಡುವುದು ಮಾರ್ಚ್–ಏಪ್ರಿಲ್‌ನಲ್ಲಿ, ಮರಿ ಹಾಕುವುದು ನವೆಂಬರ್–ಡಿಸೆಂಬರ್‌ನಲ್ಲಿ, ಅಂದರೆ ಅಲ್ಲಿಯ ವಸಂತದ ಕೊನೆಗೆ. ತಿಂಗಳುಗಳು ಬದಲಾದವು, ಬೆಳಕಿನೊಂದಿಗಿನ ಸಂಬಂಧ ಬದಲಾಗಲಿಲ್ಲ.

ಇದಕ್ಕೆ ಪ್ರತಿಯಾದ ಪುರಾವೆ ನಮ್ಮ ನಾಡಿನಲ್ಲಿಯೇ ಇದೆ. ಬಂಡೀಪುರ, ನಾಗರಹೊಳೆಗಳಲ್ಲಿ ಚುಕ್ಕೆ ಜಿಂಕೆಯ ಹಿಂಡನ್ನು ಯಾವ ತಿಂಗಳಿನಲ್ಲಿ ನೋಡಿದರೂ ಅದರಲ್ಲಿ ಎಳೆಮರಿ ಕಾಣಸಿಗುವುದು ಸಾಧ್ಯ. ಗಂಡುಗಳನ್ನು ಗಮನಿಸಿದರೆ ಕಾರಣ ಇನ್ನಷ್ಟು ಸ್ಪಷ್ಟವಾಗುತ್ತದೆ: ಒಂದೇ ಹಿಂಡಿನಲ್ಲಿ, ಒಂದೇ ದಿನ, ಒಂದರ ಕೊಂಬು ಗಟ್ಟಿಯಾಗಿ ಹೊಳೆಯುತ್ತಿದ್ದರೆ ಪಕ್ಕದ್ದರ ಕೊಂಬು ಇನ್ನೂ ಮೆತ್ತನೆಯ ಚರ್ಮದಲ್ಲಿ ಬೆಳೆಯುತ್ತಿರುತ್ತದೆ, ಮತ್ತೊಂದು ಕೊಂಬನ್ನು ಉದುರಿಸಿಕೊಂಡು ಬೋಳಾಗಿರುತ್ತದೆ. ಒಂದೊಂದು ಗಂಡಿನದೂ ಒಂದೊಂದು ಚಕ್ರ. ಕೆಲವು ತಿಂಗಳುಗಳಲ್ಲಿ ಮರಿಗಳು ಹೆಚ್ಚು, ಕೆಲವುಗಳಲ್ಲಿ ಕಡಿಮೆ ಎಂಬ ಏರಿಳಿತ ಉಂಟಾದರೂ ಬಾಗಿಲು ಯಾವಾಗಲೂ ಪೂರ್ತಿ ಮುಚ್ಚುವುದಿಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ ಅದು ಸುಮಾರು 11 ಗಂಟೆ. ನಮ್ಮ ಕಾಡುಗಳಲ್ಲಿ ಮರಿಯನ್ನು ಕೊಲ್ಲುವ ಹಿಮಗಾಲ ಇಲ್ಲದಿರುವುದರಿಂದ ಅಷ್ಟು ಬಿಗಿಯಾದ ಗಡುವನ್ನು ಪಾಲಿಸಬೇಕಾದ ಒತ್ತಡವೂ ಬರಲಿಲ್ಲ.

ಬೆಚ್ಚನೆಯ ನಾಡಿನ ಜಿಂಕೆಯನ್ನು ಚಳಿನಾಡಿಗೆ ಒಯ್ದರೆ ಅದು ಅಲ್ಲಿಯ ಪಂಚಾಂಗವನ್ನು ಕಲಿಯುತ್ತದೆಯೇ ಎಂಬ ಪ್ರಶ್ನೆಗೂ ಉತ್ತರವಿದೆ. ಚೀನಾ ಮೂಲದ ರೀವ್ಸ್ ಕಾಡುಕುರಿ ಎಂಬ ಸಣ್ಣ ಜಿಂಕೆಯನ್ನು 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವೋಬರ್ನ್ ಎಸ್ಟೇಟಿನ ಸುತ್ತಮುತ್ತ ಬಿಡಲಾಯಿತು. ನಮ್ಮ ಮಲೆನಾಡಿನ ಕಾಡುಕುರಿಯ ಹತ್ತಿರದ ಬಂಧುವಾದ ಈ ಪ್ರಾಣಿ ಇಂದು ದಕ್ಷಿಣ ಇಂಗ್ಲೆಂಡಿನ ತುಂಬ ಹರಡಿದೆ. ಆದರೂ ಅದು ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಮರಿ ಹಾಕುತ್ತದೆ. ಏಳು ತಿಂಗಳ ಗಬ್ಬ ಕಳೆದು ಮರಿ ಹಾಕಿದ ಕೆಲವೇ ದಿನಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸುತ್ತದೆ. 1962–63ರ ಭೀಕರ ಚಳಿಗಾಲದಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಹಾಗಿದ್ದೂ ಅವುಗಳ ದೇಹ ವಸಂತವನ್ನು ಕಾಯುವುದನ್ನು ಕಲಿತಿಲ್ಲ, ಏಕೆಂದರೆ ಅಂಥ ಬದಲಾವಣೆಗೆ ನೂರು ವರ್ಷ ಬಹಳ ಕಡಿಮೆ ಅವಧಿ. ಬಿಗಿಯಾದ ಗಡುವು ಒಂದು ಕಡೆ, ಗಡುವೇ ಇಲ್ಲದಿರುವುದು ಇನ್ನೊಂದು ಕಡೆ; ಇವೆರಡರ ನಡುವಿನ ಸ್ಥಿತಿಯನ್ನು ಬಿಳಿಬಾಲದ ಜಿಂಕೆ ಒಂದೇ ಪ್ರಭೇದದೊಳಗೆ ತೋರಿಸುತ್ತದೆ: ನ್ಯೂಯಾರ್ಕ್, ಮಿಶಿಗನ್‌ಗಳಲ್ಲಿ ಮೇ ಕೊನೆ ಮತ್ತು ಜೂನ್‌ಗೆ ಬಿಗಿಯಾಗಿ ಕಟ್ಟುಬಿದ್ದಿರುವ ಅದು, ಹಿಮವೇ ಇಲ್ಲದ ಫ್ಲಾರಿಡಾದ ದಕ್ಷಿಣದಲ್ಲಿ ಫೆಬ್ರವರಿ, ಮಾರ್ಚ್‌ಗಳಲ್ಲಿಯೇ ಮರಿ ಹಾಕುತ್ತದೆ.

ರೋ ಜಿಂಕೆಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಜಿಂಕೆಗಳ ಇಡೀ ಕುಟುಂಬದಲ್ಲಿ ಇದರ ಪರಿಹಾರದಷ್ಟು ವಿಸ್ಮಯಕರವಾದದ್ದು ನನಗೆ ಬೇರೆ ಕಂಡಿಲ್ಲ. ಅಷ್ಟು ಚಿಕ್ಕ ಪ್ರಾಣಿಯ ಮರಿ ಬೆಳೆಯಲು ನಿಜವಾಗಿ ಬೇಕಾಗುವುದು ಐದು ತಿಂಗಳು ಮಾತ್ರ. ಆಗಸ್ಟ್‌ನಲ್ಲಿ ಕಟ್ಟಿದ ಗರ್ಭ ನೇರವಾಗಿ ಬೆಳೆದಿದ್ದರೆ ಮರಿ ಹುಟ್ಟುವುದು ಡಿಸೆಂಬರ್–ಜನವರಿಯ ಹಿಮದಲ್ಲಿ. ಆದರೆ ಫಲಿತಗೊಂಡ ಅಂಡ ಕೆಲವು ದಿನ ಬೆಳೆದು, ಬರಿಗಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಗುಳ್ಳೆಯಾದ ಹಂತದಲ್ಲಿ ತನ್ನ ಬೆಳವಣಿಗೆಯನ್ನು ತಡೆಹಿಡಿದುಬಿಡುತ್ತದೆ. ಗರ್ಭಕೋಶದ ಗೋಡೆಗೆ ಅಂಟಿಕೊಳ್ಳದೆ, ಒಳಗಿನ ದ್ರವದಲ್ಲಿ ತೇಲುತ್ತ, ನಾಲ್ಕೈದು ತಿಂಗಳು ಹಾಗೆಯೇ ಇರುತ್ತದೆ. ಡಿಸೆಂಬರ್ ಕೊನೆ ಅಥವಾ ಜನವರಿಯ ಹೊತ್ತಿಗೆ ಎಚ್ಚೆತ್ತು, ವೇಗವಾಗಿ ಉದ್ದವಾಗಿ ಬೆಳೆದು, ಗೋಡೆಗೆ ಅಂಟಿಕೊಂಡು, ಮೇ ತಿಂಗಳಿಗೆ ಮರಿಯಾಗಿ ಹೊರಬರುತ್ತದೆ.

ಜರ್ಮನಿಯ ಅಂಗರಚನಾ ವಿಜ್ಞಾನಿ ಬಿಷೋಫ್ 1854ರಲ್ಲಿ ಈ ವಿಳಂಬವನ್ನು ವಿವರವಾಗಿ ದಾಖಲಿಸಿದರು. ಬೇಟೆಯಾಡಿ ತಂದ ಹೆಣ್ಣುಗಳ ಗರ್ಭಕೋಶದಲ್ಲಿ ಶರತ್ಕಾಲದುದ್ದಕ್ಕೂ ಭ್ರೂಣವೇ ಕಾಣದೆ ಹೋಗುತ್ತಿದ್ದುದರಿಂದ, ಜುಲೈ ತಿಂಗಳಿನ ಕೂಟ ನಿಜವಾದ ಬೆದೆಯೇ ಅಲ್ಲವೆಂದು ಅದಕ್ಕೂ ಮೊದಲು ಅನೇಕರು ನಂಬಿದ್ದರು. ಆ ಭ್ರೂಣ ಪೂರ್ತಿ ನಿಂತೇ ಹೋಗಿರುವುದಿಲ್ಲ ಎಂಬುದು ಗೊತ್ತಾದದ್ದು ತೀರ ಇತ್ತೀಚೆಗೆ. ಜ್ಯೂರಿಕ್‌ನ ತಂಡವೊಂದು 2021ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಆ ಅವಧಿಯಲ್ಲಿ ಅದರ ಕೋಶಗಳು ಎರಡು ಮೂರು ವಾರಕ್ಕೊಮ್ಮೆ ಮಾತ್ರ ಇಬ್ಭಾಗವಾಗುತ್ತಿರುತ್ತವೆ. ಗರ್ಭಕೋಶದ ದ್ರವದಲ್ಲಿ ಕೆಲವು ಅಮೈನೋ ಆಮ್ಲಗಳ ಪ್ರಮಾಣ ಏರಿದಂತೆ ವಿಭಜನೆ ಮತ್ತೆ ವೇಗ ಪಡೆಯುತ್ತದೆ. ಇಷ್ಟೆಲ್ಲ ಸುತ್ತುದಾರಿ ಏಕೆ ಎಂಬುದಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಒಪ್ಪುವಂಥದ್ದು. ಐದೇ ತಿಂಗಳ ಗಬ್ಬವಾಗಿದ್ದರೆ ಮೇ ತಿಂಗಳಿನ ಹೆರಿಗೆಗಾಗಿ ಜಿಂಕೆಗಳು ಡಿಸೆಂಬರ್‌ನಲ್ಲಿ ಕೂಡಬೇಕಾಗುತ್ತಿತ್ತು. ಮೇವಿಲ್ಲದ, ಹಿಮ ಬಿದ್ದ ಆ ಕಾಲದಲ್ಲಿ ಗಂಡುಗಳು ಕಾದಾಡಿ, ಹೆಣ್ಣಿನ ಹಿಂದೆ ಓಡಿ ಶಕ್ತಿ ಕಳೆದುಕೊಂಡರೆ ಬದುಕುವುದು ಕಷ್ಟ. ಮೈಯಲ್ಲಿ ಕಸುವಿರುವ ಬೇಸಿಗೆಯಲ್ಲಿ ಕೂಡಿ, ಮರಿಯನ್ನು ಮಾತ್ರ ತಡೆದಿರಿಸಿಕೊಂಡರೆ ಎರಡೂ ಕೆಲಸ ತಮ್ಮ ತಮ್ಮ ಒಳ್ಳೆಯ ಕಾಲದಲ್ಲಿ ನಡೆಯುತ್ತವೆ.

ಹೆರಿಗೆಯ ದಿನ ಹತ್ತಿರವಾದಾಗ ತಾಯಿ ಗುಂಪನ್ನು ಬಿಟ್ಟು ಒಂಟಿಯಾಗುತ್ತದೆ, ಕಳೆದ ವರ್ಷದ ಮರಿಯನ್ನೂ ಬಳಿಗೆ ಸೇರಿಸುವುದಿಲ್ಲ. ಮರಿ ನೆಲಕ್ಕೆ ಬಿದ್ದೊಡನೆ ಅದನ್ನು ನೆಕ್ಕಿ ಒಣಗಿಸುತ್ತದೆ, ಬಿದ್ದ ಮಾಸನ್ನು ತಾನೇ ತಿಂದುಬಿಡುತ್ತದೆ, ರಕ್ತದ ವಾಸನೆ ಹಿಡಿದ ಹುಲ್ಲನ್ನೂ ಎಷ್ಟೋ ಸಲ ಬಿಡುವುದಿಲ್ಲ. ಮರಿ ತಡವರಿಸುತ್ತ ಎದ್ದು ನಿಂತು, ಗಿಣ್ಣುಹಾಲು ಕುಡಿದು, ಕೆಲವು ಗಂಟೆಗಳಲ್ಲಿ ತಾಯಿಯ ಹಿಂದೆ ನಡೆಯುವಷ್ಟಾದಾಗ ತಾಯಿ ಅದನ್ನು ಹೆರಿಗೆಯ ಜಾಗದಿಂದ ದೂರಕ್ಕೆ ಕರೆದೊಯ್ಯುತ್ತದೆ. ಮರಿ ಅಲ್ಲೊಂದು ಹುಲ್ಲಿನ ಮರೆಯಲ್ಲಿ ಮುದುಡಿ ಮಲಗುತ್ತದೆ. ಅವಳಿಗಳಾದರೆ ಬೇರೆ ಬೇರೆ ಜಾಗಗಳಲ್ಲಿ. ಮೊದಲ ಎರಡು ಮೂರು ವಾರ ಅದರ ಬದುಕೆಂದರೆ ಹೀಗೆ ಅಡಗಿರುವುದೇ. ತಾಯಿ ದಿನಕ್ಕೆ ಕೆಲವೇ ಸಲ ಬಂದು ಹಾಲೂಡಿಸುತ್ತದೆ, ಆಗ ಮರಿಯ ಹಿಂಭಾಗವನ್ನು ನೆಕ್ಕಿ ಮಲಮೂತ್ರವನ್ನೂ ತಿಂದುಹಾಕುತ್ತದೆ. ಮರಿಯಿದ್ದ ಜಾಗದಲ್ಲಿ ವಾಸನೆ ನಿಲ್ಲದಿರುವುದೇ ಇದರ ಫಲ. ಅಪಾಯ ಸುಳಿದಾಗ ಬಿಳಿಬಾಲದ ಜಿಂಕೆಯ ಎಳೆಮರಿ ಓಡುವುದಿಲ್ಲ. ಕತ್ತನ್ನು ನೆಲಕ್ಕೆ ಚಾಚಿ, ಕಿವಿ ಮಡಚಿ, ಉಸಿರು ಬಿಗಿಹಿಡಿದು ಮಲಗುತ್ತದೆ, ಅದರ ಎದೆಬಡಿತ ಆಗ ಒಮ್ಮೆಲೇ ಇಳಿದುಹೋಗುತ್ತದೆ. ಹೆದರಿದಾಗ ನಮ್ಮ ಎದೆ ಬಡಿದುಕೊಳ್ಳುವ ರೀತಿಗೆ ಇದು ತದ್ವಿರುದ್ಧ.

ಮನುಷ್ಯರಿಂದ ಈ ಮರಿಗಳಿಗೆ ಆಗುವ ಎರಡು ಹಾನಿಗಳಿಗೂ ಮೂಲ ಈ ಅಡಗುವ ಗುಣವೇ. ನ್ಯೂಜೆರ್ಸಿ, ವರ್ಜೀನಿಯಾಗಳಂಥ ಕಡೆ ನೆಲೆಸಿರುವ ಕನ್ನಡಿಗರ ಮನೆಯ ಹಿತ್ತಿಲಲ್ಲಿ, ಪೊದೆಯ ಬುಡದಲ್ಲಿ, ಮೇ–ಜೂನ್ ತಿಂಗಳಿನಲ್ಲಿ ಚುಕ್ಕೆಗಳ ಮರಿಯೊಂದು ಅಲುಗಾಡದೆ ಮಲಗಿರುವುದು ಅಪರೂಪವೇನಲ್ಲ. ತಾಯಿ ಸುತ್ತಮುತ್ತ ಕಾಣುವುದಿಲ್ಲ, ಮರಿಯೂ ಓಡುವುದಿಲ್ಲ. ತಬ್ಬಲಿಯೆಂದು ಕನಿಕರಪಟ್ಟು ಎತ್ತಿಕೊಂಡು ಒಳಗೆ ತರುವವರು ಆ ಮರಿಯನ್ನು ನಿಜಕ್ಕೂ ತಬ್ಬಲಿ ಮಾಡುತ್ತಾರೆ. ಅದನ್ನು ಮುಟ್ಟದೆ, ನಾಯಿಯನ್ನು ಕಟ್ಟಿಹಾಕಿ, ದೂರ ಸರಿಯುವುದೊಂದೇ ಸರಿಯಾದ ಕ್ರಮ. ತಾಯಿ ಮುಸ್ಸಂಜೆಗೆ ಬಂದೇ ಬರುತ್ತದೆ. ಗಾಯವಾಗಿದ್ದರೆ, ನೊಣ ಮುತ್ತಿದ್ದರೆ, ಅಥವಾ ಎಡೆಬಿಡದೆ ಕೂಗುತ್ತ ಅಲೆಯುತ್ತಿದ್ದರೆ ಮಾತ್ರ ಆ ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಬೇಕು.

ಯುರೋಪಿನ ಹುಲ್ಲುಗಾವಲುಗಳಲ್ಲಿ ಆಗುವ ಹಾನಿ ಇದಕ್ಕಿಂತ ಕ್ರೂರವಾದದ್ದು. ರೋ ಜಿಂಕೆ ಮರಿ ಹಾಕುವ ಕಾಲ ಮತ್ತು ಹೈನುಗಾರರು ಮೊದಲ ಹುಲ್ಲು ಕೊಯ್ಯುವ ಕಾಲ ಒಂದೇ, ಎರಡಕ್ಕೂ ಕಾರಣ ಅದೇ ಸತ್ವ ತುಂಬಿದ ಎಳೆಹುಲ್ಲು. ಕೊಯ್ಯುವ ಯಂತ್ರ ಸದ್ದು ಮಾಡುತ್ತ ಹತ್ತಿರ ಬಂದಷ್ಟೂ ಮರಿ ನೆಲಕ್ಕೆ ಇನ್ನಷ್ಟು ಅಂಟಿಕೊಳ್ಳುತ್ತದೆ. ನರಿಯ ಎದುರು ಪ್ರಾಣ ಉಳಿಸುವ ಗುಣ ಯಂತ್ರದ ಎದುರು ಪ್ರಾಣ ತೆಗೆಯುತ್ತದೆ. ಅದಕ್ಕಾಗಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಸ್ವಯಂಸೇವಕರು ಕೊಯ್ಲಿನ ದಿನ ಸೂರ್ಯ ಏರುವ ಮೊದಲೇ ಹೊಲಕ್ಕೆ ಬಂದು ಶಾಖ ಗುರುತಿಸುವ ಕ್ಯಾಮೆರಾ ಹೊತ್ತ ಡ್ರೋನ್ ಹಾರಿಸುತ್ತಾರೆ. ನೆಲ ತಣ್ಣಗಿರುವ ಆ ಹೊತ್ತಿನಲ್ಲಿ ಪರದೆಯ ಮೇಲೆ ಮರಿ ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಬಿಸಿಲೇರಿದರೆ ಕಾದ ಮಣ್ಣಿಗೂ ಮರಿಗೂ ವ್ಯತ್ಯಾಸ ಸಿಗುವುದಿಲ್ಲ. ಕೈಗವಸು ತೊಟ್ಟು, ಕೈಯ ವಾಸನೆ ತಗುಲದಂತೆ ಹಿಡಿ ಹುಲ್ಲಿನ ನಡುವೆ ಮರಿಯನ್ನು ಎತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಹೊಲದಂಚಿನ ನೆರಳಿನಲ್ಲಿ ಇರಿಸಿ, ಕೊಯ್ಲು ಮುಗಿದ ಮೇಲೆ ಅಲ್ಲಿಯೇ ಬಿಡುತ್ತಾರೆ. ಇಂಥ ಡ್ರೋನ್‌ಗಳ ಖರೀದಿಗೆ ಜರ್ಮನಿಯ ಕೃಷಿ ಸಚಿವಾಲಯ 2021ರಲ್ಲಿ ಸಹಾಯಧನ ಕೊಡಲು ಆರಂಭಿಸಿತು.

ಹಗಲಿನ ಅಳತೆಯನ್ನು ನಂಬಿ ಕಟ್ಟಿದ ಈ ಏರ್ಪಾಡು ಸಾವಿರಾರು ವರ್ಷ ಚೆನ್ನಾಗಿ ನಡೆದದ್ದು ಬೆಳಕಿಗೂ ಚಿಗುರಿಗೂ ಇದ್ದ ನಂಟು ಸ್ಥಿರವಾಗಿದ್ದುದರಿಂದ. ಭೂಮಿ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಆ ನಂಟು ಸಡಿಲವಾಗುತ್ತಿದೆ. ಮೇ 15ರಂದು ಸೂರ್ಯ ಹುಟ್ಟುವ ಹೊತ್ತು ಬದಲಾಗಿಲ್ಲ, ಹುಲ್ಲು ಚಿಗುರುವ ದಿನ ಬದಲಾಗಿದೆ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ತ್ರುವಾ ಫೋಂತೆನ್ ಕಾಡಿನಲ್ಲಿ 1985ರಿಂದ 27 ವರ್ಷ ರೋ ಜಿಂಕೆಗಳ ಹುಟ್ಟನ್ನು ದಾಖಲಿಸಿದ ಸಂಶೋಧಕರು, ವಸಂತ ಎಷ್ಟು ಬೇಗ ಬಂತೆಂದು ಅಳೆಯಲು ಅದೇ ಸೀಮೆಯ ದ್ರಾಕ್ಷಿ ತೋಟಗಳು ಹೂಬಿಟ್ಟ ದಿನಗಳ ದಾಖಲೆಯನ್ನು ಬಳಸಿಕೊಂಡರು. ದ್ರಾಕ್ಷಿಯ ಹೂ ವರ್ಷದಿಂದ ವರ್ಷಕ್ಕೆ ಮುಂಚಿತವಾಗುತ್ತ ಬಂದಿತ್ತು. ಜಿಂಕೆಗಳು ಮಾತ್ರ ಮೇ ನಡುವಿನ ತಮ್ಮ ಹಳೆಯ ದಿನಗಳನ್ನೇ ಹಿಡಿದುಕೊಂಡಿದ್ದವು. ವಸಂತ ಬೇಗ ಬಂದ ವರ್ಷಗಳಲ್ಲಿ ಬದುಕುಳಿದ ಮರಿಗಳು ಕಡಿಮೆ. ತಾಯಿಗೆ ಹಾಲು ಹೆಚ್ಚು ಬೇಕಾದ ವಾರಗಳ ಹೊತ್ತಿಗೆ ಮೇವು ಬಲಿತುಬಿಟ್ಟಿರುತ್ತಿತ್ತು.

ರಮ್ ದ್ವೀಪದ ಕಥೆ ಬೇರೆ. 1972ರಿಂದ ಅಲ್ಲಿಯ ಕೆಂಪು ಜಿಂಕೆಗಳನ್ನು ಒಂದೊಂದಾಗಿ ಗುರುತಿಸಿ, ಹುಟ್ಟಿನಿಂದ ಸಾವಿನವರೆಗೂ ಗಮನಿಸುತ್ತ ಬರಲಾಗಿದೆ. 1980ರಿಂದೀಚೆಗೆ ಅಲ್ಲಿ ಮರಿ ಹುಟ್ಟುವ ಕಾಲ ಸುಮಾರು 12 ದಿನ ಬೇಗವಾಗಿದೆ. ಬೆಚ್ಚಗಾದ ಹವೆಯಿಂದ ತಾಯಂದಿರ ಮೈ ಸುಧಾರಿಸಿದ್ದು ಅದರಲ್ಲಿ ಒಂದು ಭಾಗ. ಬೇಗ ಮರಿ ಹಾಕುವ ಗುಣದ ಜೀನುಗಳಿರುವ ಹೆಣ್ಣುಗಳು ಜೀವಮಾನದಲ್ಲಿ ಹೆಚ್ಚು ಮರಿಗಳನ್ನು ಬಿಟ್ಟುಹೋಗಿರುವುದರಿಂದ ಅನುವಂಶೀಯ ಬದಲಾವಣೆಯೂ ನಡೆದಿದೆ ಎಂದು 2019ರ ಅಧ್ಯಯನವೊಂದು ತೋರಿಸಿತು. ಒಂದೇ ಕುಟುಂಬದ ಈ ಎರಡು ಪ್ರಾಣಿಗಳು ಬೇರೆ ಬೇರೆಯಾಗಿ ನಡೆದುಕೊಳ್ಳಲು ಕಾರಣ ಅವುಗಳ ಬದುಕಿನ ಕ್ರಮದಲ್ಲಿದೆ. ಕೆಂಪು ಜಿಂಕೆ ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನ ಬಲದ ಮೇಲೆ ಮರಿ ಹೊರುವ ಪ್ರಾಣಿ. ಮೈ ಚೆನ್ನಾಗಿದ್ದ ವರ್ಷ ಅದು ಬೆಳಕಿನ ಮಿತಿಯೊಳಗೆ ಕೆಲವು ದಿನ ಮೊದಲೇ ಬೆದೆಗೆ ಬರಬಲ್ಲದು, ತಡವಾಗಿ ಗರ್ಭ ಕಟ್ಟಿದರೆ ಗಬ್ಬದ ಅವಧಿಯನ್ನೇ ಕೆಲವು ದಿನ ಕಿರಿದುಗೊಳಿಸಬಲ್ಲದು. ಮೈಯಲ್ಲಿ ಕೊಬ್ಬು ಕೂಡಿಡದ ರೋ ಜಿಂಕೆ ಅಂದಂದಿನ ಮೇವಿನಿಂದಲೇ ಅಂದಂದಿನ ಹಾಲನ್ನು ಹೊಂದಿಸಬೇಕು, ಮತ್ತು ಅದರ ಬೆದೆಯ ದಿನ ನಿಗದಿಯಾಗುವುದು ಮುಂದಿನ ಚಿಗುರಿಗಿಂತ ಒಂಬತ್ತು ತಿಂಗಳು ಮೊದಲು, ಕೇವಲ ಬೆಳಕಿನಿಂದ. ಚಿಗುರು ಬೇಗ ಬಂದಿದೆಯೆಂದು ತಾಯಿಗೆ ಏಪ್ರಿಲ್‌ನಲ್ಲಿ ಗೊತ್ತಾಗುವ ಹೊತ್ತಿಗೆ ಗರ್ಭದಲ್ಲಿರುವ ಮರಿಯ ದಿನ ಆಗಲೇ ನಿಗದಿಯಾಗಿರುತ್ತದೆ.